ಇಬ್ಬರು, ಎರಡು ಸೈಕಲ್, 780 ಕಿಲೋಮೀಟರ್: ಕಮೀನೊ ಯಾತ್ರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್‌ನ ಸ್ಯಾಂಟಿಯಾಗೊಗೆ ಗೆಳೆಯನ ಜೊತೆ ಸೈಕಲ್ ತುಳಿದುಕೊಂಡು ಹೋಗಿ ಬಂದೆ. ಆಮೇಲೆ ಸಿಕ್ಕವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ದಾರಿಯ ಬಗ್ಗೆ, ಸೈಕಲ್ ಬಗ್ಗೆ ಕೇಳುವವರು ಜಾಸ್ತಿ. ಜೊತೆಗಾರನ ಬಗ್ಗೆ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ತಯಾರಿ ಬೇಕಾದದ್ದು ಆ ಎರಡನೆಯದಕ್ಕೇ.

ಕಮೀನೊ ಅಂದರೆ ಏನು?

ಸ್ಪ್ಯಾನಿಷ್‌ನಲ್ಲಿ 'ಕಮೀನೊ' ಅಂದರೆ ದಾರಿ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಸಂತ ಯಾಕೋಬರ ಸಮಾಧಿ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾ ಊರಿನಲ್ಲಿದೆ ಎಂಬ ನಂಬಿಕೆ ಒಂಬತ್ತನೇ ಶತಮಾನದಿಂದಲೂ ಇದೆ. ಅಲ್ಲಿಗೆ ಯುರೋಪಿನ ನಾನಾ ಕಡೆಗಳಿಂದ ದಾರಿಗಳಿವೆ. ಅದರಲ್ಲಿ ಹೆಚ್ಚು ಜನ ಹೋಗುವುದು 'ಕಮೀನೊ ಫ್ರಾನ್ಸೆಸ್', ಅಂದರೆ ಫ್ರೆಂಚರ ದಾರಿ. ಫ್ರಾನ್ಸ್ ಗಡಿಯ ಸಾಂ ಜಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಿಂದ ಶುರುವಾಗಿ, ಪಿರೆನೀಸ್ ಬೆಟ್ಟ ದಾಟಿ, ಉತ್ತರ ಸ್ಪೇನ್ ಉದ್ದಕ್ಕೂ ಪಶ್ಚಿಮಕ್ಕೆ ಸಾಗುತ್ತದೆ. ಸುಮಾರು 780 ಕಿ.ಮೀ. ಸ್ಪೇನ್‌ನೊಳಗಿನ ಈ ದಾರಿಯನ್ನು ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಬರೆದಿರುವುದೆಲ್ಲ ಈ ಒಂದು ದಾರಿಯ ಬಗ್ಗೆ ಮಾತ್ರ.

ನಾವು ಕ್ರೈಸ್ತರಲ್ಲ. ಹೋಗಬಹುದಾ?

ಧಾರಾಳವಾಗಿ. ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕವರಲ್ಲಿ ಭಕ್ತರಿದ್ದರು, ನಾಸ್ತಿಕರಿದ್ದರು, ಕೆಲಸ ಬಿಟ್ಟು ಬಂದವರಿದ್ದರು, ಸುಮ್ನೆ ಬಂದವರೂ ಇದ್ದರು. ಕೊನೆಯಲ್ಲಿ ಪ್ರಮಾಣಪತ್ರ ಪಡೆಯುವಾಗ ಮಾತ್ರ ಏಕೆ ಬಂದಿರಿ ಎಂದು ಕೇಳುತ್ತಾರೆ. ಧಾರ್ಮಿಕ ಅಥವಾ ಆಧ್ಯಾತ್ಮಿಕ ಕಾರಣ ಎಂದರೆ 'ಕಾಂಪೊಸ್ಟೆಲಾ' ಎಂಬ ಲ್ಯಾಟಿನ್ ಪತ್ರ ಸಿಗುತ್ತದೆ. ಇಲ್ಲವಾದರೆ ಬೇರೊಂದು ಪತ್ರ. ಎರಡಕ್ಕೂ ದುಡ್ಡಿಲ್ಲ.

ಸೈಕಲ್‌ನಲ್ಲಿ ಹೋದರೂ ಯಾತ್ರಿಕ ಅಂತ ಒಪ್ಪುತ್ತಾರಾ?

ಕಾಗದದ ಮೇಲೆ ಖಂಡಿತ ಒಪ್ಪುತ್ತಾರೆ. ನಡೆಯುವವರು ಕನಿಷ್ಠ 100 ಕಿ.ಮೀ. ನಡೆದಿರಬೇಕು, ಸೈಕಲ್‌ನವರು ಕನಿಷ್ಠ 200 ಕಿ.ಮೀ. ತುಳಿದಿರಬೇಕು. ಅದಕ್ಕೆ ಸಾಕ್ಷಿ 'ಕ್ರೆದೆನ್ಸಿಯಾಲ್' ಎಂಬ ಮಡಚುವ ಕಾರ್ಡು. ಸಾಂ ಜಾಂನ ಯಾತ್ರಿಕರ ಕಚೇರಿಯಲ್ಲಿ, ದೊಡ್ಡ ಊರುಗಳ ಚರ್ಚುಗಳಲ್ಲಿ ಕೆಲವೇ ಯೂರೊಗೆ ಸಿಗುತ್ತದೆ. ರಾತ್ರಿ ತಂಗಿದ ಕಡೆ, ಕಾಫಿ ಕುಡಿದ ಕಡೆ, ಚರ್ಚಿನಲ್ಲಿ, ಹೀಗೆ ಹೋದಲ್ಲೆಲ್ಲ ಮುದ್ರೆ ಹಾಕಿಸಿಕೊಳ್ಳುತ್ತ ಹೋಗುವುದು. ದಿನಕ್ಕೆ ಎರಡು ಮುದ್ರೆ ಇರಲೇಬೇಕು. ರಜೆ ಕಡಿಮೆ ಇರುವ ಸೈಕಲ್‌ನವರು ಪೊನ್‌ಫೆರಾದಾ ಊರಿನಿಂದ ಹೊರಡುವುದು ಇದೇ ಕಾರಣಕ್ಕೆ. ಅಲ್ಲಿಂದ ಸ್ಯಾಂಟಿಯಾಗೊಗೆ 200 ಕಿ.ಮೀ. ಚೂರು ಮೀರುತ್ತದೆ.

ಕಾಗದ ಬಿಟ್ಟರೆ ಕಥೆ ಬೇರೆ. ಸೈಕಲ್ ಯಾತ್ರಿಕನಿಗೆ ಸ್ಪೇನ್‌ನಲ್ಲಿ 'ಬಿಸಿಗ್ರೀನೊ' ಎನ್ನುತ್ತಾರೆ. ಸೈಕಲ್ ಅನ್ನುವ 'ಬಿಸಿ', ಯಾತ್ರಿಕ ಅನ್ನುವ 'ಪೆರೆಗ್ರೀನೊ', ಎರಡೂ ಸೇರಿ ಆದ ಪದ. ಪ್ರೀತಿಯಿಂದಲೂ ಹೇಳುತ್ತಾರೆ, ಮೂಗು ಮುರಿದೂ ಹೇಳುತ್ತಾರೆ. ಬರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ನಡೆದೇ ಬರುತ್ತಾರೆ. ದಾರಿ ಅವರದು, ನಾವು ನೆಂಟರು. ಇದನ್ನು ಮೊದಲ ದಿನವೇ ಒಪ್ಪಿಕೊಂಡರೆ ಮುಂದೆ ಬೇಜಾರಿಲ್ಲ.

ಎಷ್ಟು ದಿನ ಬೇಕು?

ದಿನಕ್ಕೆ 50-65 ಕಿ.ಮೀ. ಲೆಕ್ಕದಲ್ಲಿ 12ರಿಂದ 15 ದಿನ. ನಾವು 14 ದಿನ ತೆಗೆದುಕೊಂಡೆವು. ಅದರಲ್ಲಿ ಒಂದು ದಿನ ಬುರ್ಗೋಸ್‌ನಲ್ಲಿ ಸೈಕಲ್ ಮುಟ್ಟಲೇ ಇಲ್ಲ. ಆ ಊರಿನ ಕ್ಯಾಥೆಡ್ರಲ್ ನೋಡಲು ಅರ್ಧ ದಿನ ಬೇಕು. ಉಳಿದರ್ಧ ದಿನ ಬಟ್ಟೆ ಒಗೆಯಲು.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಮಧ್ಯದ ಬಯಲು ಸೀಮೆ ಕಾದ ಹೆಂಚು. ಜುಲೈ 6ರಿಂದ 14ರವರೆಗೆ ದಾರಿಯಲ್ಲಿ ಸಿಗುವ ಪಾಂಪ್ಲೋನಾ ಊರಿನಲ್ಲಿ ಹೋರಿ ಓಡಿಸುವ ಸಾನ್ ಫೆರ್ಮಿನ್ ಹಬ್ಬ. ಆಗ ರೂಮು ಕೇಳಲೇಬೇಡಿ. ಇನ್ನೊಂದು ಮಾತು: ಜುಲೈ 25 ಸಂತ ಯಾಕೋಬರ ದಿನ. ಅದು ಭಾನುವಾರ ಬಂದ ವರ್ಷವನ್ನು ಪವಿತ್ರ ವರ್ಷ ಎನ್ನುತ್ತಾರೆ, ಜನ ಇನ್ನೂ ಹೆಚ್ಚು. ಮುಂದಿನದು 2027. ಸಾಮಾನ್ಯ ವರ್ಷವಾದ 2024ರಲ್ಲೇ ಸುಮಾರು 5 ಲಕ್ಷ ಜನ ಪ್ರಮಾಣಪತ್ರ ಪಡೆದಿದ್ದಾರೆ ಅಂದ ಮೇಲೆ ನೀವೇ ಊಹಿಸಿ.

ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಶುರು ಫ್ರಾನ್ಸ್‌ನಲ್ಲಾದರೂ ಹೆಚ್ಚು ದಿನ ಕಳೆಯುವುದು ಸ್ಪೇನ್‌ನಲ್ಲಿ, ಹಾಗಾಗಿ ಅರ್ಜಿ ಸ್ಪೇನ್‌ಗೇ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಇಬ್ಬರೂ ಒಂದೇ ದಿನ ಅರ್ಜಿ ಹಾಕಿ. ಒಬ್ಬನ ವೀಸಾ ಬಂದು ಇನ್ನೊಬ್ಬನದು ಬಾರದೆ ಕಾಯುವ ಎರಡು ವಾರ ಇದೆಯಲ್ಲ, ಅದು ಪಿರೆನೀಸ್‌ಗಿಂತ ಕಡಿದು.

ಎಂಥ ಸೈಕಲ್ ಬೇಕು?

ಮೌಂಟನ್ ಬೈಕ್ ಅಥವಾ ಜಲ್ಲಿ ದಾರಿಗೂ ಆಗುವ ಗ್ರಾವೆಲ್ ಬೈಕ್. ಟೈರ್ 40 ಮಿ.ಮೀ. ಆಸುಪಾಸು ದಪ್ಪ ಇರಲಿ. ಏರಿನಲ್ಲಿ ಹಗುರವಾಗಿ ತುಳಿಯಲು ಆಗುವ ಗೇರ್ ಇರಲೇಬೇಕು, ಇಲ್ಲದಿದ್ದರೆ ಮೊದಲ ದಿನವೇ ಸೈಕಲ್ ತಳ್ಳುತ್ತೀರಿ. ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳಬೇಡಿ, ಭಾರವೆಲ್ಲ ಸೈಕಲ್ ಮೇಲೇ ಇರಲಿ. ಎಂಟು ಕಿಲೋ ಮೀರಿದರೆ ಬ್ಯಾಗ್ ಬಿಚ್ಚಿ ಮತ್ತೆ ನೋಡಿ. ನನ್ನ ಬ್ಯಾಗಿನಲ್ಲಿ ಒಂದು ಜೀನ್ಸ್ ಪ್ಯಾಂಟ್ ಇತ್ತು, ಲೊಗ್ರೋನ್ಯೊದಲ್ಲಿ ಅದನ್ನು ಬಿಟ್ಟು ಬಂದೆ.

ಜೊತೆಯಲ್ಲಿ ಹೋಗುವವರಿಗೆ ಒಂದು ವಿಶೇಷ ಸಲಹೆ. ಇಬ್ಬರ ಸೈಕಲ್‌ಗೂ ಚಕ್ರದ ಅಳತೆ, ಟ್ಯೂಬಿನ ವಾಲ್ವ್, ಬ್ರೇಕ್ ಪ್ಯಾಡ್ ಒಂದೇ ಥರದ್ದು ಇರಲಿ. ಬಾಡಿಗೆಗೆ ತೆಗೆದುಕೊಂಡರೆ ಒಂದೇ ಮಾದರಿಯ ಎರಡು ಕೇಳಿ. ಬಿಡಿ ಸಾಮಾನಿನ ಭಾರ ಅರ್ಧಕ್ಕೆ ಇಳಿಯುತ್ತದೆ.

ಟೂಲ್ ಕಿಟ್ ಯಾರ ಹತ್ತಿರ ಇರಬೇಕು?

ಹಿಂದೆ ಬರುವವನ ಹತ್ತಿರ! ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನಾನೇ ಸೇರಿಸಿದ್ದೇನೆ, ಕಾರಣ ಇದೆ.

ಕಾರಿಯೋನ್ ದೆ ಲೋಸ್ ಕೋಂದೆಸ್ ಊರು ದಾಟಿದ ಮೇಲೆ ಸುಮಾರು 17 ಕಿ.ಮೀ. ಒಂದೇ ಒಂದು ಹಳ್ಳಿ ಇಲ್ಲ. ನೇರ ಜಲ್ಲಿ ದಾರಿ, ಎರಡೂ ಕಡೆ ಗೋಧಿ ಹೊಲ, ನೆರಳೂ ಇಲ್ಲದಷ್ಟು ಬಯಲು. ಅಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ನನ್ನ ಹತ್ತಿರ ಇತ್ತು. ಪಂಪ್ ಗೆಳೆಯನ ಹತ್ತಿರ. ಗೆಳೆಯ ಐದಾರು ಕಿಲೋಮೀಟರ್ ಮುಂದೆ. ಅವನ ಫೋನ್ ಬ್ಯಾಗಿನೊಳಗೆ, ಸೈಲೆಂಟಿನಲ್ಲಿ. ಒಂದು ಗಂಟೆ ತಳ್ಳಿದೆ. ಆಮೇಲೆ ಹಿಂದಿನಿಂದ ಬಂದ ಇಟಲಿಯ ಮುದುಕರೊಬ್ಬರು ಏನೂ ಕೇಳದೆ ಪಂಪ್ ಬಿಚ್ಚಿ ಕೈಗಿಟ್ಟರು. ಮುಂದಿನ ಹಳ್ಳಿ ಕಾಲ್ಸದಿಯಾ ಮುಟ್ಟಿದಾಗ ನಮ್ಮ ಹುಡುಗ ಎರಡನೇ ಕಾಫಿ ಕುಡಿಯುತ್ತ ಕೂತಿದ್ದ. "ಯಾಕೋ ಇಷ್ಟು ಲೇಟು?" ಅಂದ. ನಾನು ಏನು ಹೇಳಿದೆ ಅನ್ನುವುದು ಇಲ್ಲಿ ಬರೆಯುವಂಥದ್ದಲ್ಲ.

ಅಂದರೆ ಜಗಳ ಆಗುತ್ತಾ?

ಆಗುತ್ತದೆ. ಐದನೇ ದಿನದೊಳಗೆ ಆಗದಿದ್ದರೆ ಇಬ್ಬರಲ್ಲಿ ಒಬ್ಬರು ನುಂಗಿಕೊಳ್ಳುತ್ತಿದ್ದಾರೆ ಅಂತ ಅರ್ಥ.

ಎಷ್ಟೇ ಹಳೆಯ ಗೆಳೆತನವಾದರೂ ಕಾಲಿನ ವೇಗ ಒಂದೇ ಇರುವುದಿಲ್ಲ. ನನ್ನ ಗೆಳೆಯ ಏರು ಹತ್ತುವುದರಲ್ಲಿ ಗಟ್ಟಿ. ಪ್ರತಿ ದಿಬ್ಬದ ತುದಿಯಲ್ಲೂ ನನಗಾಗಿ ಕಾಯುತ್ತಿದ್ದ, ಪಾಪ. ಆದರೆ ಒಂದು ವಿಷಯ ಅವನಿಗೆ ಹೊಳೆದಿರಲಿಲ್ಲ. ಅವನು ಹದಿನೈದು ನಿಮಿಷ ಕೂತು, ನೀರು ಕುಡಿದು, ಬೆವರು ಆರಿಸಿಕೊಂಡಿರುತ್ತಿದ್ದ. ನಾನು ಏದುಸಿರು ಬಿಡುತ್ತ ಬಂದು ಕಾಲು ನೆಲಕ್ಕಿಟ್ಟ ತಕ್ಷಣ ಎದ್ದು "ಹೊರಡೋಣ್ವಾ?" ಅನ್ನುತ್ತಿದ್ದ. ಅಲ್ಲಿಗೆ ಯಾರಿಗೆ ಸುಸ್ತು ಜಾಸ್ತಿಯೋ ಅವರಿಗೆ ವಿಶ್ರಾಂತಿಯೇ ಇಲ್ಲ! ನಾಲ್ಕು ದಿನ ಸಹಿಸಿದೆ. ಐದನೇ ದಿನ, ಸಾಂತೊ ದೊಮಿಂಗೊ ಊರಿನ ಹೊರಗೆ ಸೈಕಲ್ ಎಸೆದು ಕೂತೆ.

ಆ ಸಂಜೆ ಮಾಡಿಕೊಂಡ ನಿಯಮಗಳು, ಪಂಪಿನ ದಿನ ಒಂದು ಬಿಟ್ಟರೆ, ಕೊನೆಯವರೆಗೂ ನಡೆದವು. ವಿಶ್ರಾಂತಿಯ ಗಡಿಯಾರ ಶುರುವಾಗುವುದು ಹಿಂದಿನವನು ಬಂದ ಮೇಲೆ. ಮಟ್ಟಸ ದಾರಿಯಲ್ಲಿ ನಿಧಾನದವನು ಮುಂದೆ, ವೇಗ ಅವನದು. ಏರಿನಲ್ಲಿ ಯಾರಿಗೆ ಹೇಗೆ ಬೇಕೋ ಹಾಗೆ. ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಳ್ಳುವ ಹಾಗಿಲ್ಲ. ತಪ್ಪಿಸಿಕೊಂಡರೆ ಮುಂದಿನ ಊರಿನ ಚರ್ಚಿನ ಬಾಗಿಲಲ್ಲಿ ಕಾಯುವುದು. ಚರ್ಚಿಲ್ಲದ ಊರು ಈ ದಾರಿಯಲ್ಲಿ ನಮಗಂತೂ ಸಿಗಲಿಲ್ಲ.

ಇನ್ನೊಂದು: ಬೆಳಿಗ್ಗೆ ಮೊದಲ ಒಂದು ಗಂಟೆ ಮಾತಿಲ್ಲ. ಇದು ನಿಯಮವಾಗಿ ಮಾಡಿಕೊಂಡದ್ದಲ್ಲ, ತಾನಾಗಿ ಬಂತು.

ಹೊಟ್ಟೆಗೆ ಏನು? ನಾವು ಮಾಂಸ ತಿನ್ನುವುದಿಲ್ಲ.

ಕಷ್ಟ, ಆದರೆ ಉಪವಾಸ ಬೀಳುವುದಿಲ್ಲ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ. ಅಷ್ಟು ಹೇಳಿ ಸುಮ್ಮನಾದರೆ ಟ್ಯೂನಾ ಮೀನು ಬರುತ್ತದೆ. 'ಎನ್ಸಲಾದಾ ಮಿಕ್ಸ್ತಾ' ಎಂಬ ಸಲಾಡ್‌ನಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಳ್ಳಿ. ಹಂದಿಮಾಂಸದ ಚೂರುಗಳನ್ನು ಕೆಲವರು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ 'ನಿ ಅತೂನ್, ನಿ ಹಮೋನ್' ಎಂದು ಸೇರಿಸಿ ಹೇಳಬೇಕು, ಟ್ಯೂನಾನೂ ಬೇಡ, ಹ್ಯಾಮೂ ಬೇಡ ಅಂತ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಹಾಕಿದ ದಪ್ಪ ತೋರ್ತಿಯಾ ಬೆಳಿಗ್ಗೆಯಿಂದಲೇ ಎಲ್ಲ ಬಾರುಗಳಲ್ಲೂ ಸಿಗುತ್ತದೆ. ಅಲ್ಲಿ ಬಾರ್ ಅಂದರೆ ನಮ್ಮ ಹೋಟೆಲ್ ಇದ್ದ ಹಾಗೆ, ಗಾಬರಿ ಬೇಡ.

ಮಧ್ಯಾಹ್ನ 2ರಿಂದ 5ರವರೆಗೆ ಸಣ್ಣ ಊರುಗಳ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರ ಇಡೀ ದಿನ. ಬ್ಯಾಗಿನಲ್ಲಿ ಬ್ರೆಡ್ಡು, ಚೀಸು, ಬಾಳೆಹಣ್ಣು ಯಾವಾಗಲೂ ಇರಲಿ. ಯಾತ್ರಿಕರ ಊಟ ಎಂದೇ ಕೇಳಿದರೆ ಮೂರು ಸುತ್ತಿನ ಊಟ ಸುಮಾರು 12-16 ಯೂರೊಗೆ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು. 'ನೊ ಪೊತಾಬ್ಲೆ' ಎಂದು ಬರೆದಿದ್ದರೆ ಮಾತ್ರ ಬೇಡ.

ಅಂದ ಹಾಗೆ, ಎಸ್ತೆಯಾ ದಾಟಿದ ಮೇಲೆ ಇರಾಚೆಯಲ್ಲಿ ಒಂದು ವೈನ್ ಕಂಪನಿ ಗೋಡೆಗೆ ಎರಡು ನಲ್ಲಿ ಇಟ್ಟಿದೆ. ಒಂದರಲ್ಲಿ ನೀರು, ಒಂದರಲ್ಲಿ ವೈನ್, ಯಾತ್ರಿಕರಿಗೆ ಬಿಟ್ಟಿ. ಒಂದು ಗುಟುಕು ಸಾಕು. ಸ್ಪೇನ್‌ನಲ್ಲಿ ಕುಡಿದು ಗಾಡಿ ಓಡಿಸುವ ಕಾನೂನು ಸೈಕಲ್‌ಗೂ ಇದೆ.

ರಾತ್ರಿ ಎಲ್ಲಿ ಮಲಗುವುದು?

ಯಾತ್ರಿಕರ ತಂಗುದಾಣಕ್ಕೆ 'ಆಲ್ಬೆರ್ಗೆ' ಎನ್ನುತ್ತಾರೆ. ದೊಡ್ಡ ಕೋಣೆ, ಎರಡಂತಸ್ತಿನ ಮಂಚಗಳು, ರಾತ್ರಿ ಹತ್ತಕ್ಕೆ ದೀಪ ಆಫ್, ಬೆಳಿಗ್ಗೆ ಎಂಟರೊಳಗೆ ಖಾಲಿ ಮಾಡಬೇಕು. ಊರಿನ ಆಡಳಿತ ಅಥವಾ ಚರ್ಚ್ ನಡೆಸುವುದಾದರೆ ಸುಮಾರು 8-15 ಯೂರೊ, ಖಾಸಗಿಯದು ಇನ್ನೂ ಸ್ವಲ್ಪ ಹೆಚ್ಚು. 'ದೊನಾತೀವೊ' ಎಂದು ಬರೆದಿದ್ದರೆ ಇಷ್ಟ ಬಂದಷ್ಟು ಹುಂಡಿಗೆ ಹಾಕುವುದು. ಅದು ಪುಕ್ಕಟೆ ಅಲ್ಲ, ದಯವಿಟ್ಟು ಹಾಕಿ.

ಸರ್ಕಾರಿ ತಂಗುದಾಣಗಳಲ್ಲಿ ಮೊದಲ ಜಾಗ ನಡೆದು ಬಂದವರಿಗೆ. ಸೈಕಲ್‌ನವರನ್ನು ಸಂಜೆಯವರೆಗೆ ಕಾಯಿಸುವುದುಂಟು. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಬಾಗಿಲಲ್ಲಿ ಕಾಯುತ್ತ ಕೂತಾಗ, ಒಬ್ಬ ಹೆಂಗಸು ಬಂದು ಶೂ ಬಿಚ್ಚಿದರು. ಹಿಮ್ಮಡಿ ನೋಡಲಾಗದಷ್ಟು ಬೊಬ್ಬೆ ಎದ್ದಿತ್ತು. ಆಮೇಲೆ ಸಿಟ್ಟು ಬರಲಿಲ್ಲ. ನಮ್ಮ ಕೈಲಿ ಇನ್ನೂ ಹತ್ತು ಕಿಲೋಮೀಟರ್ ತುಳಿದು ಮುಂದಿನ ಊರಿಗೆ ಹೋಗಲು ಆಗುತ್ತದೆ, ಅವರ ಕೈಲಿ ಆಗುವುದಿಲ್ಲ. ಜಾಗ ಖಾತ್ರಿ ಬೇಕಿದ್ದರೆ ಖಾಸಗಿ ತಂಗುದಾಣಕ್ಕೆ ಹಿಂದಿನ ದಿನ ಫೋನ್ ಮಾಡಿ. ಸೈಕಲ್ ಇಡಲು ಬೀಗದ ಜಾಗ ಇದೆಯಾ ಎಂದೂ ಕೇಳಿ. ಗೆಳೆಯ ಗೊರಕೆ ಹೊಡೆಯುವವನಾದರೆ ಇಯರ್‌ಪ್ಲಗ್ ಒಯ್ಯಿರಿ. ಆ ಕೋಣೆಯಲ್ಲಿ ಅವನೊಬ್ಬನೇ ಇರುವುದಿಲ್ಲ ಬಿಡಿ.

ನಡೆಯುವವರ ದಾರಿಯಲ್ಲೇ ತುಳಿಯಬೇಕಾ, ರಸ್ತೆಯಲ್ಲಾ?

ಎರಡೂ. ದಾರಿಯುದ್ದಕ್ಕೂ ಬರೆದಿರುವ ಹಳದಿ ಬಾಣದ ಗುರುತು ನೋಡಿಕೊಂಡು ಹೋದರೆ ನಡೆಯುವವರ ದಾರಿ. ಈ ಬಾಣಗಳದ್ದೂ ಒಂದು ಕಥೆ. ಒ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ 1980ರ ದಶಕದಲ್ಲಿ ಡಬ್ಬಿಗಟ್ಟಲೆ ಹಳದಿ ಬಣ್ಣ ಹಿಡಿದು ಊರೂರು ತಿರುಗಿ ಬಾಣ ಬರೆದರು. ಆಗ ಈ ದಾರಿಯಲ್ಲಿ ಜನವೇ ಇರಲಿಲ್ಲ.

ಬಾಣ ಬಿಟ್ಟು ರಸ್ತೆ ಹಿಡಿಯಲೇಬೇಕಾದ ಜಾಗಗಳಿವೆ. ಮೊದಲ ದಿನ ಸಾಂ ಜಾಂನಿಂದ ಬೆಟ್ಟದ ಮೇಲಿನ ನೆಪೋಲಿಯನ್ ದಾರಿ 1,400 ಮೀಟರ್ ದಾಟಿ ಏರುತ್ತದೆ. ಅದನ್ನು ನಡೆಯುವವರಿಗೆ ಬಿಡಿ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅದು ಯಾರಿಗೂ ಇಲ್ಲ, ಮುಚ್ಚಿರುತ್ತದೆ. ವಾಲ್ಕಾರ್ಲೋಸ್ ಕಡೆಯ ಡಾಂಬರು ರಸ್ತೆ 1,057 ಮೀಟರಿನ ಇಬಾನ್ಯೆತಾ ಕಣಿವೆಯಲ್ಲಿ ದಾಟುತ್ತದೆ. ಅದೇ ಸಾಕಷ್ಟು ಬೆವರಿಳಿಸುತ್ತದೆ. ಮರುದಿನ ಸುಬಿರಿಗೆ ಇಳಿಯುವ ಕಲ್ಲುದಾರಿ ಒದ್ದೆಯಾದರೆ ಸಾಬೂನು ಸವರಿದ ಹಾಗೆ, ಎನ್-135 ರಸ್ತೆಯಲ್ಲೇ ಹೋಗಿ. ಪಾಂಪ್ಲೋನಾ ಆದ ಮೇಲೆ ಆಲ್ತೊ ದೆಲ್ ಪೆರ್ದೋನ್ ದಿಬ್ಬದ ಮೇಲೆ ಯಾತ್ರಿಕರ ಸಾಲಿನ ಕಬ್ಬಿಣದ ಶಿಲ್ಪ ಇದೆ. ಹತ್ತಿ ನೋಡಿ, ಫೋಟೊ ತೆಗೆಯಿರಿ. ಆಚೆ ಇಳಿಜಾರಿನಲ್ಲಿ ಮಾತ್ರ ಸಡಿಲ ಉರುಟು ಕಲ್ಲು, ಅಲ್ಲಿ ಸೈಕಲ್ ಬೇಡ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಕ್ರೂಸ್ ದೆ ಫೆರೊ ದಾಟಿದ ಮೇಲೆ. ಸುಮಾರು 1,500 ಮೀಟರ್ ಎತ್ತರದಲ್ಲಿ ಒಂದು ಮರದ ಕಂಬ, ತುದಿಯಲ್ಲಿ ಕಬ್ಬಿಣದ ಶಿಲುಬೆ, ಬುಡದಲ್ಲಿ ಯಾತ್ರಿಕರು ಊರಿನಿಂದ ತಂದು ಹಾಕಿದ ಕಲ್ಲುಗಳ ಗುಡ್ಡೆ. ಅಲ್ಲಿಂದ ಮೊಲಿನಸೇಕಾ ಊರಿಗೆ ಸುಮಾರು 900 ಮೀಟರ್ ಇಳಿತ. ರಸ್ತೆ ಚೆನ್ನಾಗಿದೆ, ಅದೇ ಅಪಾಯ. ನಡುವೆ ಎಲ್ ಅಸೇಬೊ ಹಳ್ಳಿಯ ತುದಿಯಲ್ಲಿ, ಈ ದಾರಿಯಲ್ಲಿ ಪ್ರಾಣ ಬಿಟ್ಟ ಜರ್ಮನಿಯ ಸೈಕಲ್ ಯಾತ್ರಿಕರೊಬ್ಬರ ನೆನಪಿಗೆ ಕಬ್ಬಿಣದ ಸೈಕಲ್ ನಿಲ್ಲಿಸಿದ್ದಾರೆ. ಅದರ ಮುಂದೆ ನಾವು ನಿಂತೆವು. ಬ್ರೇಕ್ ಮುಟ್ಟಿ ನೋಡಿದರೆ ಡಿಸ್ಕ್ ಸುಡುತ್ತಿತ್ತು. ಅಲ್ಲಿಂದ ಗೆಳೆಯನೂ ನಿಧಾನವಾದ.

ಸಾರಿಯಾದಿಂದ ಮುಂದಿನ 115 ಕಿ.ಮೀ. ಜನಜಾತ್ರೆ. ಬೆಲ್ ಬಾರಿಸಿ, 'ಬ್ವೆನ್ ಕಮೀನೊ' ಎನ್ನಿ, ಜಾಗ ಬಿಡುವವರೆಗೆ ಕಾಯಿರಿ. ಹಿಂದಿನಿಂದ ಸದ್ದಿಲ್ಲದೆ ನುಗ್ಗಬೇಡಿ. ಅಲ್ಲಿ ನಾವು ಹೆಚ್ಚು ದೂರ ಪಕ್ಕದ ರಸ್ತೆಯಲ್ಲೇ ಹೋದೆವು.

ರಸ್ತೆಯ ನಿಯಮಗಳು?

ಬಲಗಡೆ ಸಂಚಾರ. ಗೊತ್ತಿದ್ದೂ ಒಂದು ಮುಂಜಾನೆ ಖಾಲಿ ರಸ್ತೆಯಲ್ಲಿ ನಾನು ನಮ್ಮೂರಿನ ಅಭ್ಯಾಸದಂತೆ ಎಡಕ್ಕೆ ಹೊರಟಿದ್ದೆ. ಗೆಳೆಯ ಹಿಂದಿನಿಂದ "ರೈಟು, ರೈಟು ಕಣೋ!" ಎಂದು ಕೂಗಿದ. ಜೊತೆಗಾರ ಬೇಕು ಅನ್ನುವುದು ಇಂಥದ್ದಕ್ಕೇ. ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. ಕತ್ತಲಲ್ಲಿ ಲೈಟು, ಹೊಳೆಯುವ ಜಾಕೆಟ್ ಬೇಕು. ಸೈಕಲ್ ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರ್ ದೂರ ಇಡಬೇಕೆಂಬ ಕಾನೂನಿದೆ. ನಾವು ನೋಡಿದ ಮಟ್ಟಿಗೆ ಚಾಲಕರು ಅದನ್ನು ಪಾಲಿಸುತ್ತಾರೆ. ತುರ್ತು ಸಂಖ್ಯೆ 112.

ಬಯಲು ಸೀಮೆ ಬೇಜಾರು ಅಂತಾರೆ. ಬಸ್ಸು ಹಿಡಿಯಬಹುದಾ?

ಬುರ್ಗೋಸ್‌ನಿಂದ ಲಿಯೋನ್‌ವರೆಗಿನ ಸುಮಾರು 180 ಕಿ.ಮೀ. ಬಗ್ಗೆ ಈ ಮಾತು. ಇದಕ್ಕೆ 'ಮೆಸೆತಾ' ಎನ್ನುತ್ತಾರೆ. ಹಿಡಿಯುವವರು ಹಿಡಿಯುತ್ತಾರೆ. ನನಗೆ ಇಡೀ ದಾರಿಯಲ್ಲಿ ಹೆಚ್ಚು ಇಷ್ಟವಾದದ್ದು ಅದೇ ಭಾಗ. ಎದುರುಗಾಳಿ ಎದ್ದ ದಿನ ಒಬ್ಬರೇ ತುಳಿದರೆ ಗಂಟೆಗೆ ಹತ್ತು ಕಿಲೋಮೀಟರ್ ಕೂಡ ಸಾಗುವುದಿಲ್ಲ. ಒಬ್ಬರ ಚಕ್ರದ ಹಿಂದೆ ಇನ್ನೊಬ್ಬರು ಹತ್ತಿರ ಬಂದರೆ ಹಿಂದಿನವರಿಗೆ ಗಾಳಿಯ ಹೊಡೆತ ಎಷ್ಟೋ ಕಡಿಮೆ. ಎರಡೆರಡು ಕಿಲೋಮೀಟರಿಗೆ ಸರದಿ ಬದಲಿಸಿದೆವು. ಇಡೀ ಬೆಳಗು ಮಾತಿಲ್ಲ. ಮುಂದಿನವನ ಮೊಣಕೈ ಅಲ್ಲಾಡಿದರೆ "ಈಗ ನಿನ್ನ ಸರದಿ" ಅಂತ ಅರ್ಥ. ಪಂಪಿನ ಜಗಳದ ಮರುದಿನ ಇದು.

ದುಡ್ಡಿನ ಲೆಕ್ಕ ಹೇಗೆ?

ಒಬ್ಬರಿಗೆ ದಿನಕ್ಕೆ ಸುಮಾರು 45-60 ಯೂರೊ, ವಿಮಾನ ಮತ್ತು ಸೈಕಲ್ ಬಾಡಿಗೆ ಬಿಟ್ಟು. ಒಂದು ಪರ್ಸಿಗೆ ಇಬ್ಬರೂ ಐವತ್ತೈವತ್ತು ಹಾಕಿ, ಎಲ್ಲ ಅದರಿಂದಲೇ ಕೊಡಿ. ಖಾಲಿಯಾದರೆ ಮತ್ತೆ ಹಾಕಿ. ಕಾಫಿಗೆಲ್ಲ ಲೆಕ್ಕ ಬರೆಯುವ ಆ್ಯಪ್ ಬೇಡ. ಮೂರನೇ ದಿನಕ್ಕೆ ಅದು ಗೆಳೆತನ ತಿನ್ನುತ್ತದೆ.

ಮುಟ್ಟಿದ ಮೇಲೆ ಏನು?

ಒಬ್ರದೋಯ್ರೊ ಚೌಕಕ್ಕೆ ಬಂದು ಕ್ಯಾಥೆಡ್ರಲ್ ಎದುರು ಕಲ್ಲುಹಾಸಿನ ಮೇಲೆ ಬಿದ್ದುಕೊಳ್ಳುವುದು, ಎಲ್ಲರೂ ಅದನ್ನೇ ಮಾಡುತ್ತಾರೆ. ಆಮೇಲೆ ಯಾತ್ರಿಕರ ಕಚೇರಿಯಲ್ಲಿ ಪ್ರಮಾಣಪತ್ರ. ಕ್ಯಾಥೆಡ್ರಲ್ ಒಳಗೆ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಆಳೆತ್ತರದ ಧೂಪದ ಪಾತ್ರೆಯನ್ನು ಹಗ್ಗದಲ್ಲಿ ತೂಗುವ ಬೊತಾಫುಮೇರೊ ಪ್ರತಿದಿನ ಇರುವುದಿಲ್ಲ, ನಮಗೂ ಸಿಗಲಿಲ್ಲ. ಇನ್ನೂ ಸುಮಾರು 90 ಕಿ.ಮೀ. ತುಳಿದರೆ ಸಮುದ್ರದಂಚಿನ ಫಿನಿಸ್ತೆರೆ. ಗೆಳೆಯನ ಮಂಡಿ ಒಪ್ಪಲಿಲ್ಲ, ಬಸ್ಸಿನಲ್ಲಿ ಹೋಗಿ ಬಂದೆವು.

ಸೈಕಲ್ ವಾಪಸ್ ಕಳಿಸುವುದು ಹೇಗೆ?

ಬಾಡಿಗೆಯದಾದರೆ ಸ್ಯಾಂಟಿಯಾಗೊದಲ್ಲೇ ಒಪ್ಪಿಸುವ ವ್ಯವಸ್ಥೆ ಇರುತ್ತದೆ, ಮೊದಲೇ ಮಾತಾಡಿ. ಸ್ವಂತದ್ದಾದರೆ ಸ್ಪೇನ್‌ನ ಅಂಚೆ ಸಂಸ್ಥೆ ಕೊರ್ರೆಯೋಸ್ ಸೈಕಲ್ ಸಾಗಿಸುವ ಸೇವೆ ಇಟ್ಟಿದೆ. ವಿಮಾನಕ್ಕೆ ಒಯ್ಯುವುದಾದರೆ ಸೈಕಲ್ ಅಂಗಡಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ. ಎಡಗಡೆಯ ಪೆಡಲ್ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ನಾವಿಬ್ಬರೂ ಸೇರಿ ಅರ್ಧ ಗಂಟೆ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆವು.